ಮುಗಿಯದ ಚಿತ್ರವನ್ನು ನೋಡುವ ಬಗೆ

ಕಳೆದ ತಿಂಗಳು ಒಂದು ಸಂಜೆ, ತುಮಕೂರು ರಸ್ತೆಯ ಮಾಕಳಿಯಲ್ಲಿ ಪದವಿ ತರಗತಿಯ ಐವರು ವಿದ್ಯಾರ್ಥಿಗಳು ತಾವು ತಯಾರಿಸುತ್ತಿದ್ದ ಥ್ರಿಲ್ಲರ್ ಕಿರುಚಿತ್ರದ ಆರಂಭದ ನಾಲ್ಕು ನಿಮಿಷಗಳನ್ನು ನನಗೆ ತೋರಿಸಿದರು. ಅವರಲ್ಲೊಬ್ಬನ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇತ್ತು. ಚಿತ್ರದ ಬಣ್ಣವನ್ನು ಇನ್ನೂ ತಿದ್ದಿರಲಿಲ್ಲ. ಹಿನ್ನೆಲೆ ಸಂಗೀತ ತಾತ್ಕಾಲಿಕವಾಗಿ ಬೇರೆಲ್ಲಿಂದಲೋ ತಂದು ಸೇರಿಸಿದ್ದು. ಹೆದ್ದಾರಿಯ ಲಾರಿಗಳ ಸದ್ದಿನಲ್ಲಿ ಅರ್ಧ ಮಾತು ಮುಳುಗಿಹೋಗಿತ್ತು. ಚಿತ್ರೋದ್ಯಮದವರು ಇದನ್ನು ರಫ್ ಕಟ್ ಎನ್ನುತ್ತಾರೆ: ದೃಶ್ಯಗಳನ್ನು ಕಥೆಯ ಕ್ರಮದಲ್ಲಿ ಜೋಡಿಸಿದ, ಆದರೆ ಇನ್ನೂ ನಯಗೊಳಿಸದ ಪ್ರತಿ. ನೋಡಿ ಮುಗಿದ ಮೇಲೆ ಐವರೂ ನನ್ನ ಮುಖವನ್ನೇ ನೋಡುತ್ತ, 'ಹೇಗಿದೆ ಸರ್?' ಎಂದರು. ಈ ಸರಳ ಪ್ರಶ್ನೆಗೆ ಉಪಯುಕ್ತವಾದ ಉತ್ತರ ಕೊಡಲು ನಮ್ಮಲ್ಲಿ ಎಷ್ಟು ಜನರಿಗೆ ಬರುತ್ತದೆ ಎಂಬುದೇ ಈ ಲೇಖನದ ಪ್ರಶ್ನೆ.

ಕಥೆ ಹೀಗಿದೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಎರಡನೇ ಪಾಳಿ ಮುಗಿಸಿದ ಯುವತಿ ರಾತ್ರಿ ಮಾಕಳಿಯಲ್ಲಿ ಬಸ್ಸಿಳಿದು, ಸರ್ವಿಸ್ ರಸ್ತೆಯಲ್ಲಿ ಮನೆಯತ್ತ ನಡೆಯುತ್ತಾಳೆ. ಯಾರೋ ಹಿಂಬಾಲಿಸುತ್ತಾರೆ. ಆದರೆ ಚಿತ್ರ ಆರಂಭವಾಗುವುದು ಅವಳಿಂದಲ್ಲ. ಕಪ್ಪು ಪರದೆ, ಇಂಗ್ಲಿಷ್ ಶೀರ್ಷಿಕೆ, ಡ್ರಮ್ಮಿನ ಬಡಿತ, ಪಾಳು ಗೋದಾಮಿನಲ್ಲಿ ಮುಸುಕುಧಾರಿಯೊಬ್ಬ ಚಾಕು ಮಸೆಯುವ ದೃಶ್ಯ, ಇವೆಲ್ಲ ಆದ ಮೇಲೆ ಯುವತಿ ಕಾಣಿಸಿಕೊಳ್ಳುತ್ತಾಳೆ. ಆ ಗೋದಾಮು ಮಾಕಳಿಯಲ್ಲೂ ಇರಬಹುದು, ಮೆಕ್ಸಿಕೋದಲ್ಲೂ ಇರಬಹುದು.

ಅದಕ್ಕೆ ಮೊದಲೇ ಈ ಪ್ರತಿಯನ್ನು ಬಂಧುಗಳು, ಸಹಪಾಠಿಗಳು, ಅಧ್ಯಾಪಕರು ನೋಡಿದ್ದರು. ಬಂಧುಗಳು 'ಸೂಪರ್' ಎಂದಿದ್ದರು. ಸಹಪಾಠಿಯೊಬ್ಬ 'ಲ್ಯಾಗ್' ಎಂದಿದ್ದ. ಅಧ್ಯಾಪಕರು ಸಲ್ಲಿಕೆಯ ಕೊನೆಯ ದಿನಾಂಕವನ್ನು ನೆನಪಿಸಿದ್ದರು. ಮೂರೂ ಪ್ರತಿಕ್ರಿಯೆಗಳಲ್ಲಿ ಕೆಡುಕಿನ ಉದ್ದೇಶವಿರಲಿಲ್ಲ. ಆದರೆ ಇವುಗಳಲ್ಲಿ ಯಾವುದನ್ನು ಹಿಡಿದುಕೊಂಡು ಆ ಐವರು ಮರುದಿನ ಸಂಕಲನಕ್ಕೆ ಕೂರಬೇಕಾಗಿತ್ತು?

ನಾನು ಮಾಡಿದ್ದೂ ಹೆಚ್ಚು ಘನವಾದದ್ದಲ್ಲ. ಪೆನ್ನು ತೆಗೆದು ಹನ್ನೊಂದು ಸಲಹೆಗಳ ಪಟ್ಟಿ ಬರೆದೆ. ಮುಸುಕುಧಾರಿ ಬೇಡ, ನಾಯಿ ಬೊಗಳಲಿ, ಮೊದಲು ಬಸ್ಸನ್ನು ದೂರದಿಂದ ತೋರಿಸಿ, ಹೀಗೆ. ಕಥೆ ಬರೆದ ಹುಡುಗಿ ಎಲ್ಲವನ್ನೂ ತಾಳ್ಮೆಯಿಂದ ಓದಿ, 'ಹಾಗೆ ಮಾಡಿದ್ರೆ ಅದು ನಿಮ್ಮ ಫಿಲ್ಮ್ ಆಗತ್ತೆ ಅಲ್ವಾ ಸರ್?' ಎಂದಳು. ಅವಳ ದನಿಯಲ್ಲಿ ಅವಿನಯವಿರಲಿಲ್ಲ. ಮಾತು ಮಾತ್ರ ಸರಿಯಾಗಿತ್ತು.

ಮುಗಿದ ಚಿತ್ರದ ವಿಮರ್ಶೆಯೇ ಬೇರೆ, ಮುಗಿಯದ ಚಿತ್ರದ ವಿಮರ್ಶೆಯೇ ಬೇರೆ. ಬಿಡುಗಡೆಯಾದ ಚಿತ್ರದ ವಿಮರ್ಶಕ ತೀರ್ಪು ನೀಡುತ್ತಾನೆ. ಅವನ ಮಾತಿನಿಂದ ಚಿತ್ರದ ಒಂದು ಚೌಕಟ್ಟೂ ಬದಲಾಗುವುದಿಲ್ಲ. ರಫ್ ಕಟ್ಟಿನ ಎದುರು ಕುಳಿತವನು ತೀರ್ಪು ಕೊಡಬೇಕಾಗಿಲ್ಲ, ಸಾಕ್ಷಿ ಹೇಳಿದರೆ ಸಾಕು. ತನಗೆ ಯಾವ ಕ್ಷಣದಲ್ಲಿ ಏನು ಅರ್ಥವಾಯಿತು, ಎಲ್ಲಿ ಗಮನ ಜಾರಿತು, ಯಾರನ್ನು ಯಾರೆಂದು ತಪ್ಪು ತಿಳಿದೆ, ಯಾವಾಗ ಭಯವಾಯಿತು, ಯಾವಾಗ ಭಯವಾಗಲಿಲ್ಲ ಎಂಬುದನ್ನು ಇದ್ದದ್ದು ಇದ್ದಂತೆ ಹೇಳಬೇಕು. ತಿಂಗಳುಗಟ್ಟಲೆ ಅದೇ ದೃಶ್ಯಗಳನ್ನು ನೋಡಿದ ನಿರ್ದೇಶಕನಿಗೂ ಸಂಕಲನಕಾರನಿಗೂ ಈ ಮಾಹಿತಿ ತಮ್ಮಿಂದ ತಮಗೆ ದೊರೆಯಲಾರದು. ಕಥೆಯ ಅಂತ್ಯ ಗೊತ್ತಿರುವವರು ಅದರ ಆರಂಭವನ್ನು ಹೊಸಬರಂತೆ ನೋಡಲಾರರು. ಪರಿಹಾರ ಹುಡುಕುವ ಕೆಲಸ ಚಿತ್ರ ಮಾಡಿದವರದು.

ಥ್ರಿಲ್ಲರ್‌ನ ಆರಂಭಕ್ಕಂತೂ ಈ ಸಾಕ್ಷ್ಯ ಅತ್ಯಗತ್ಯ. ಏಕೆಂದರೆ ಪ್ರೇಕ್ಷಕನಿಗೆ ಏನನ್ನು ಯಾವಾಗ ತಿಳಿಸಬೇಕು, ಏನನ್ನು ಬಚ್ಚಿಡಬೇಕು ಎಂಬ ಲೆಕ್ಕಾಚಾರವೇ ಆ ಪ್ರಕಾರದ ಜೀವಾಳ. ಆಲ್ಫ್ರೆಡ್ ಹಿಚ್‌ಕಾಕ್ ಫ್ರೆಂಚ್ ನಿರ್ದೇಶಕ ತ್ರೂಫೊಗೆ ನೀಡಿದ ಸಂದರ್ಶನದಲ್ಲಿ ಹೇಳಿದ ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ಪ್ರಸಿದ್ಧ. ಬಾಂಬು ಇದ್ದಕ್ಕಿದ್ದಂತೆ ಸಿಡಿದರೆ ಪ್ರೇಕ್ಷಕ ಹದಿನೈದು ಸೆಕೆಂಡ್ ಬೆಚ್ಚುತ್ತಾನೆ. ಬಾಂಬಿರುವುದು ಅವನಿಗೆ ಮೊದಲೇ ಗೊತ್ತಿದ್ದು, ಮೇಜಿನ ಸುತ್ತ ಕುಳಿತವರಿಗೆ ಗೊತ್ತಿಲ್ಲದಿದ್ದರೆ ಹದಿನೈದು ನಿಮಿಷ ಚಡಪಡಿಸುತ್ತಾನೆ. ಆ ಚಡಪಡಿಕೆ ಹುಟ್ಟಿತೋ ಇಲ್ಲವೋ ಎಂಬುದನ್ನು ತಿಳಿಯಲು ಕಥೆ ಗೊತ್ತಿಲ್ಲದ ಒಬ್ಬ ಪ್ರೇಕ್ಷಕ ಬೇಕೇಬೇಕು.

ನನ್ನ ಪಟ್ಟಿಯನ್ನು ಬದಿಗಿಟ್ಟು ಮತ್ತೊಮ್ಮೆ ಚಿತ್ರ ನೋಡಿದೆ. ನನಗೆ ಅನ್ನಿಸಿದ್ದನ್ನಷ್ಟೇ ಹೇಳಿದೆ: 'ಚಾಕು ಕಂಡಾಗ ಭಯವಾಗಲಿಲ್ಲ. ಇವಳು ಬಸ್ಸಿಳಿದು ಒಮ್ಮೆ ಹಿಂತಿರುಗಿ ನೋಡಿದಾಗ ಆಯಿತು. ಆಮೇಲೆ ಅವಳು ಏನು ಮಾಡಿದಳು ಎಂದು ತಿಳಿಯಬೇಕೆನಿಸಿತು. ಅಷ್ಟರಲ್ಲಿ ನೀವು ಕಡಿದಿರಿ.' ಹುಡುಗಿ ತುಸು ಹೊತ್ತು ಸುಮ್ಮನಿದ್ದು, ಕಂಪ್ಯೂಟರಿನ ಬೇರೊಂದು ಕಡತ ತೆರೆದಳು. ಸಂಕಲನದಲ್ಲಿ ಕೈಬಿಟ್ಟ ನಲವತ್ತು ಸೆಕೆಂಡುಗಳ ಒಂದು ದೃಶ್ಯ ಅದರಲ್ಲಿತ್ತು. ಯುವತಿ ಮೊಬೈಲನ್ನು ಕಿವಿಗೆ ಹಿಡಿದು ಗಟ್ಟಿಯಾಗಿ ಮಾತನಾಡುತ್ತ ನಡೆಯುತ್ತಾಳೆ: 'ಹೂಂ ಅಣ್ಣ, ಬಂದೆ, ಅಂಗಡಿ ಹತ್ರಾನೇ ಇದೀನಿ, ನೀನು ಅಲ್ಲೇ ಇರು.' ಲಾರಿಯೊಂದರ ಬೆಳಕು ಹಾದುಹೋದಾಗ ಪರದೆ ಕಾಣುತ್ತದೆ. ಮೊಬೈಲ್ ಸ್ವಿಚ್ ಆಫ್ ಆಗಿದೆ. ಆ ತುದಿಯಲ್ಲಿ ಅಣ್ಣನೂ ಇಲ್ಲ, ಯಾರೂ ಇಲ್ಲ.

ನನ್ನ ಪಟ್ಟಿಯ ಹನ್ನೊಂದು ಸಲಹೆಗಳಲ್ಲಿ ಇದರ ಸಮೀಪ ಸುಳಿಯುವಂಥದು ಒಂದೂ ಇರಲಿಲ್ಲ. ತೆಗೆದದ್ದೇಕೆ ಎಂದು ಕೇಳಿದೆ. 'ಲ್ಯಾಗ್ ಅಂದ್ರು' ಎಂದಳು. ಎಲ್ಲಿಂದ ಬಂತು ಎಂದು ಕೇಳಿದೆ. ಅವಳ ಅಕ್ಕ ದಿನವೂ ಹೀಗೆಯೇ ನಡೆದು ಮನೆಗೆ ಬರುತ್ತಾಳಂತೆ. ನಮ್ಮ ಮೆಟ್ರೊ 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ಬಂದಿದೆ. ಅಲ್ಲಿಂದಾಚೆ ಬಸ್ಸು, ಆಟೊ, ಇಲ್ಲವೇ ಕಾಲ್ನಡಿಗೆ. ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳು ಕತ್ತಲೆಯ ಸರ್ವಿಸ್ ರಸ್ತೆಗೆ ತಮ್ಮದೇ ಉಪಾಯ ಕಂಡುಕೊಂಡಿದ್ದಾರೆ. ಒಂದು ಇಡೀ ಪ್ರದೇಶದ ಭಯ ಆ ನಲವತ್ತು ಸೆಕೆಂಡುಗಳಲ್ಲಿತ್ತು. ಒಬ್ಬ ಸಹಪಾಠಿಯ ಒಂದೇ ಪದಕ್ಕೆ ಅದು ಬಲಿಯಾಗಿತ್ತು. ಅದನ್ನು ತೆಗೆದ ಜಾಗಕ್ಕೆ ಬಂದು ಕುಳಿತದ್ದು ಎರವಲು ಚಾಕು.

ಊರಿನ ಸಣ್ಣ ಸಂಗತಿಯಿಂದ ಥ್ರಿಲ್ಲರ್ ಹುಟ್ಟುವುದು ಕನ್ನಡಕ್ಕೆ ಹೊಸತಲ್ಲ. ಪವನ್ ಕುಮಾರ್ ಅವರ 'ಯು ಟರ್ನ್' (2016) ಹುಟ್ಟಿದ್ದು ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆಯಲ್ಲಿ ಬೈಕ್ ಸವಾರರು ವಿಭಜಕದ ಕಲ್ಲು ಸರಿಸಿ ಅಡ್ಡದಾರಿ ಹಿಡಿಯುವ ಅಭ್ಯಾಸದಿಂದ. ಅದು ಮುಂದೆ ಹಲವು ಭಾಷೆಗಳಿಗೆ ಹೋಯಿತು. ಮೈಸೂರಿನ ಚಿದಾನಂದ ಎಸ್. ನಾಯ್ಕ್ ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ವಿದ್ಯಾರ್ಥಿಯಾಗಿ ತೆಗೆದ ಕನ್ನಡ ಕಿರುಚಿತ್ರ, ಕೋಳಿ ಕದ್ದ ಅಜ್ಜಿಯಿಂದಾಗಿ ಸೂರ್ಯನೇ ಹುಟ್ಟದ ಜನಪದ ಕಥೆಯನ್ನು ಆಧರಿಸಿದ್ದು. 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಅದು ಮೊದಲ ಬಹುಮಾನ ಪಡೆಯಿತು. ಇದು ಥ್ರಿಲ್ಲರ್ ಅಲ್ಲ ನಿಜ. ಆದರೆ ನಮ್ಮದೇ ಸರಕಿನಿಂದ ಆರಂಭಿಸಿದವರು ದೂರ ಹೋಗಬಲ್ಲರು ಎಂಬುದಕ್ಕೆ ನಿದರ್ಶನ.

ಕಲಿಕೆಯ ಪರಂಪರೆಯೂ ನಮಗೆ ಹೊಸತಲ್ಲ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲೇ ಛಾಯಾಗ್ರಹಣದ ತರಗತಿಗಳಿದ್ದವು. ಗುರುದತ್ ಚಿತ್ರಗಳಿಗೆ ನೆರಳು ಬೆಳಕಿನ ಭಾಷೆ ಕೊಟ್ಟ, 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ವಿ.ಕೆ. ಮೂರ್ತಿ ಅಲ್ಲಿ ಕಲಿತವರು. ಗೋವಿಂದ ನಿಹಲಾನಿಯೂ ಅಲ್ಲಿಯವರೇ. ಅದೇ ಪರಂಪರೆಯ ಸರ್ಕಾರಿ ಚಲನಚಿತ್ರ ಮತ್ತು ಟಿ.ವಿ. ಸಂಸ್ಥೆ ಇಂದು ಹೆಸರಘಟ್ಟದಲ್ಲಿದೆ, ಮಾಕಳಿಯಿಂದ ದೂರವೇನಲ್ಲ. ಚಿತ್ರ ನೋಡುವುದನ್ನು ಕಲಿಸಲು 1971ರಲ್ಲಿ ಸುಚಿತ್ರ ಫಿಲಂ ಸೊಸೈಟಿ ಹುಟ್ಟಿತು. ಹೆಗ್ಗೋಡಿನ ನೀನಾಸಂ ಹಳ್ಳಿಗಳವರೆಗೂ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಕೊಂಡೊಯ್ದಿತು. ಇವು ಸಣ್ಣ ಸಾಧನೆಗಳಲ್ಲ. ಆದರೆ ಚಿತ್ರ ಸಮಾಜಗಳು ನಮಗೆ ಕಲಿಸಿದ್ದು ಮುಗಿದ ಚಿತ್ರಗಳನ್ನು ನೋಡುವ ಕಲೆಯನ್ನು. ಮುಗಿಯದ್ದನ್ನು ನೋಡುವ ಕಲೆ ಈಗ ಬೇಕಾಗಿದೆ. ಏಕೆಂದರೆ ಈಗ ಮೊಬೈಲ್ ಇರುವ ಪ್ರತಿ ವಿದ್ಯಾರ್ಥಿಯ ಬಳಿಯೂ ಕ್ಯಾಮೆರಾ ಇದೆ, ಸಂಕಲನದ ಸಾಧನವೂ ಇದೆ. ಇಲ್ಲದಿರುವುದು ನಂಬಬಹುದಾದ ಮೊದಲ ಪ್ರೇಕ್ಷಕ.

ಹಾಗೆ ನೋಡಿದರೆ ಈ ಕಲೆಯೂ ನಮ್ಮಲ್ಲಿ ಇದ್ದದ್ದೇ. ನೆಲಮಂಗಲ, ತುಮಕೂರು ಸೀಮೆಯಲ್ಲಿ ಪೌರಾಣಿಕ ನಾಟಕ ಆಡುವ ಊರುಗಳಲ್ಲಿ ತಿಂಗಳುಗಟ್ಟಲೆ ತಾಲೀಮು ನಡೆಯುತ್ತದೆ. ಹಾರ್ಮೋನಿಯಂ ಮೇಷ್ಟ್ರು ತಪ್ಪಿದ ಕಡೆ ನಿಲ್ಲಿಸುತ್ತಾರೆ, ಮತ್ತೆ ಹೇಳಿಸುತ್ತಾರೆ. ಊರಿನವರು ಬಂದು ಕುಳಿತು ನೋಡುತ್ತಾರೆ, ಭೀಮನ ಗದೆ ಹಗುರವಾಗಿ ಕಾಣುತ್ತದೆ ಎಂದು ಅಲ್ಲೇ ಹೇಳುತ್ತಾರೆ. ಪಾತ್ರಧಾರಿ ಅದರಿಂದ ಕುಗ್ಗುವುದಿಲ್ಲ, ಏಕೆಂದರೆ ನಾಟಕ ಇನ್ನೂ ಆಗಿಲ್ಲ. ರಫ್ ಕಟ್ ಎಂಬುದು ಸಿನಿಮಾದ ತಾಲೀಮು.

ಎಳೆಯರನ್ನು ಪ್ರೋತ್ಸಾಹಿಸಬೇಕು, ತಪ್ಪು ಎತ್ತಿ ಆಡಬಾರದು ಎಂಬ ವಾದವಿದೆ. ಅದರಲ್ಲಿ ಅರ್ಥವಿಲ್ಲದಿಲ್ಲ. ಒರಟು ಮಾತಿಗೆ ಹೆದರಿ ಕ್ಯಾಮೆರಾ ಕೆಳಗಿಟ್ಟವರೂ ಇದ್ದಾರೆ. ಆದರೆ ಹೊಗಳಿಕೆಯನ್ನೇ ಪ್ರೋತ್ಸಾಹವೆಂದು ತಿಳಿಯುವುದು ಸರಿಯಲ್ಲ. 'ಸೂಪರ್' ಎಂದವರೂ 'ಲ್ಯಾಗ್' ಎಂದವರೂ ಆ ಹುಡುಗಿಗೆ ಮಾಡಿದ ಅನ್ಯಾಯ ಒಂದೇ: ಅವಳ ಚಿತ್ರವನ್ನು ಗಮನವಿಟ್ಟು ನೋಡಲಿಲ್ಲ. ಗಮನವಿಟ್ಟು ನೋಡುವುದಕ್ಕಿಂತ ದೊಡ್ಡ ಪ್ರೋತ್ಸಾಹ ಯಾವುದಿದ್ದೀತು?

ನಮ್ಮ ಕಾಲೇಜುಗಳ ಪತ್ರಿಕೋದ್ಯಮ ಮತ್ತು ದೃಶ್ಯ ಮಾಧ್ಯಮ ವಿಭಾಗಗಳು ಒಂದು ಸಣ್ಣ ಬದಲಾವಣೆ ಮಾಡಬಹುದು. ಅಂತಿಮ ಸಲ್ಲಿಕೆಗೆ ಎರಡು ವಾರ ಮೊದಲು, ಅಂಕಗಳ ಭಯವಿಲ್ಲದ ಒಂದು ಪ್ರದರ್ಶನ ಏರ್ಪಡಿಸಲಿ. ಕಥೆ ಗೊತ್ತಿಲ್ಲದ ನಾಲ್ವರು ನೋಡಲಿ, ಅವರಲ್ಲಿ ಒಬ್ಬರಾದರೂ ಕಾಲೇಜಿನ ಹೊರಗಿನವರಿರಲಿ. ಕಾರ್ಖಾನೆಯ ಪಾಳಿ ಮುಗಿಸಿ ಬಂದವರಾದರೆ ಇನ್ನೂ ಒಳ್ಳೆಯದು. ಅವರು ಸಲಹೆ ಕೊಡುವುದು ಬೇಡ, ಕಂಡದ್ದನ್ನು ಹೇಳಲಿ. ಚಿತ್ರ ಮಾಡಿದವರು ವಾದಿಸದೆ ಬರೆದುಕೊಳ್ಳಲಿ. ಇದಕ್ಕೆ ಹಣ ಬೇಕಿಲ್ಲ, ಒಂದು ಕೊಠಡಿ ಮತ್ತು ಒಂದು ಮಧ್ಯಾಹ್ನ ಸಾಕು.

ಮಾಕಳಿಯ ಐವರು ಆ ದೃಶ್ಯವನ್ನು ಮರಳಿ ಸೇರಿಸಿದ್ದಾರೆ. ನಾನಾಗಿದ್ದರೆ ಅದನ್ನು ಮೊಟ್ಟಮೊದಲು ಇಡುತ್ತಿದ್ದೆ. ಅವರು ಎರಡನೆಯ ನಿಮಿಷದಲ್ಲಿ ಇಟ್ಟಿದ್ದಾರೆ. ಮುಸುಕುಧಾರಿ ಹೋಗಿದ್ದಾನೆ, ಡ್ರಮ್ಮಿನ ಬಡಿತ ಇನ್ನೂ ಅರ್ಧ ಉಳಿದಿದೆ. ಅದು ನನಗೆ ಹಿಡಿಸಲಿಲ್ಲ ಎಂದು ಹೇಳಿದ್ದೇನೆ. ತೆಗೆಯುವುದು ಬಿಡುವುದು ಅವರಿಗೆ ಸೇರಿದ್ದು.