ಚಾಕಿ ಸಾಕಿದವರಿಗೂ ಪಾಲು ಸಿಗಲಿ

ಮಂಚೇನಹಳ್ಳಿ, ಶಿಡ್ಲಘಟ್ಟ, ಚಿಂತಾಮಣಿಯ ರೇಷ್ಮೆ ಬೆಳೆಗಾರರಿಗೆ ಚಾಕಿಯ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಮೊಟ್ಟೆಯೊಡೆದ ಹುಳುವಿಗೆ ಎಳೆ ಸೊಪ್ಪು ಹಾಕಿ, ಶಾಖ, ತೇವ ನೋಡಿಕೊಂಡು, ಎರಡನೇ ಜ್ವರದವರೆಗೆ, ಎಂದರೆ ಎರಡನೇ ಬಾರಿ ಪೊರೆ ಕಳಚುವವರೆಗೆ, ಸಾಕುವುದು ಚಾಕಿ ಕೇಂದ್ರದ ಕೆಲಸ. ಆಮೇಲೆ ಹುಳು ರೈತರ ಮನೆ ಸೇರುತ್ತದೆ. ಗೂಡು ಕಟ್ಟುವುದು ಅಲ್ಲಿ. ಹುಳು ಹೋಯಿತೆಂದು ಚಾಕಿಯವರು ಕೊರಗುವುದಿಲ್ಲ. ನೂರು ಮೊಟ್ಟೆಗೆ ಇಷ್ಟು ಎಂದು ಹಣ ಎಣಿಸಿಕೊಂಡು ಮುಂದಿನ ಹುಳು ಸಾಕುತ್ತಾರೆ. ನಮ್ಮ ಫುಟ್‌ಬಾಲ್ ಕಲಿಯಬೇಕಾದ ಪಾಠ ಇದು.

ಆಟಗಾರನೋ ತರಬೇತುದಾರನೋ ದೊಡ್ಡ ಕ್ಲಬ್‌ಗೆ ಹೊರಟರೆ ಅಭಿಮಾನಿಗಳ ಬಾಯಲ್ಲಿ ಮೊದಲು ಬರುವ ಮಾತು ‘ದ್ರೋಹ’. 2022ರಲ್ಲಿ ಆಶಿಕ್ ಕುರುಣಿಯನ್ ಬೆಂಗಳೂರು ಎಫ್‌ಸಿ ಬಿಟ್ಟು ಕೋಲ್ಕತ್ತದ ಮೋಹನ್ ಬಾಗಾನ್ ಸೇರಿದ ಈ ದಾರಿ ಹೊಸದೂ ಅಲ್ಲ. 1937ರಲ್ಲಿ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಅದೇ ಊರಿನ ಅಹ್ಮದ್ ಖಾನ್ ಕೋಲ್ಕತ್ತದ ಈಸ್ಟ್ ಬೆಂಗಾಲ್‌ನ ‘ಪಂಚ ಪಾಂಡವ’ರೆಂದು ಹೆಸರಾದ ಐವರು ಮುನ್ಪಡೆ ಆಟಗಾರರಲ್ಲಿ ಒಬ್ಬರಾದರು. 1962ರ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದ ತಂಡದಲ್ಲಿದ್ದ ಅರುಮೈನಾಯಗಂ ಮೋಹನ್ ಬಾಗಾನ್‌ಗೆ ಆಡಿದರು. ಅವರು ಹೋದರೆಂದು ಇಲ್ಲಿನ ಆಟ ಬಡವಾಗಲಿಲ್ಲ. ಮೈಸೂರು (ಇಂದಿನ ಕರ್ನಾಟಕ) ರಾಜ್ಯ ತಂಡ 1967-68 ಮತ್ತು 1968-69ರಲ್ಲಿ ಸತತವಾಗಿ ಸಂತೋಷ್ ಟ್ರೋಫಿ ಗೆದ್ದಿತು. ಆಟಗಾರನ ಕಾಲಿಗೆ ಹತ್ತು ಹದಿನೈದು ವರ್ಷದ ಆಯಸ್ಸು. ಅಷ್ಟರಲ್ಲಿ ಮನೆ ಕಟ್ಟಿಕೊಳ್ಳಬೇಕಾದವನನ್ನು ದೂರುವುದು ನ್ಯಾಯವಲ್ಲ.

ತರಬೇತುದಾರ ಹೋದರೂ ಗಟ್ಟಿ ಕ್ಲಬ್ ಕುಸಿಯುವುದಿಲ್ಲ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿಗೆ ಎರಡು ಐ-ಲೀಗ್ ಗೆದ್ದುಕೊಟ್ಟ ಆ್ಯಶ್ಲಿ ವೆಸ್ಟ್‌ವುಡ್ 2016ರಲ್ಲಿ ಹೊರಟರು. ಅದೇ ವರ್ಷ ಆಲ್ಬರ್ಟ್ ರೋಕಾ ಕೈಯಲ್ಲಿ ತಂಡ ಎಎಫ್‌ಸಿ ಕಪ್ ಫೈನಲ್ ಮುಟ್ಟಿತು. ಯಾವ ಭಾರತೀಯ ಕ್ಲಬ್ಬೂ ಅದುವರೆಗೆ ಅಲ್ಲಿಗೆ ಹೋಗಿರಲಿಲ್ಲ. ಇಂಗ್ಲೆಂಡಿನ ಬ್ರೈಟನ್‌ನಿಂದ ಗ್ರಹಾಂ ಪಾಟರ್ ಅವರನ್ನು 2022ರ ಸೆಪ್ಟೆಂಬರ್‌ನಲ್ಲಿ ಚೆಲ್ಸಿ ಕರೆದೊಯ್ದಿತು, ಬ್ರೈಟನ್‌ಗೆ ಪರಿಹಾರ ಕೊಟ್ಟು. ಏಳು ತಿಂಗಳೊಳಗೆ ಪಾಟರ್ ಕೆಲಸ ಕಳೆದುಕೊಂಡರು. ಆ ಋತುವಿನಲ್ಲಿ ಚೆಲ್ಸಿ 12ನೇ ಸ್ಥಾನಕ್ಕೆ ಜಾರಿತು. ಬ್ರೈಟನ್ ಆರನೆಯದಾಗಿ ಯುರೋಪಿನ ಟೂರ್ನಿಗೆ ಅರ್ಹತೆ ಪಡೆಯಿತು. ಹೊರಟವರಿಂದ ಹಣ ಬಂದಿತ್ತು, ಬರುವವರು ಯಾರೆಂದು ಕ್ಲಬ್ ಯೋಚಿಸಿತ್ತು.

ನಿಜವಾದ ಅನ್ಯಾಯ ಇರುವುದು ಇನ್ನೂ ಕೆಳಗೆ, ಹುಡುಗನಿಗೆ ಮೊದಲು ಚೆಂಡು ಕೊಟ್ಟ ಮೈದಾನದಲ್ಲಿ. ಒಪ್ಪಂದ ಮುಗಿಯುವ ಮೊದಲೇ ಆಟಗಾರ ಹಣಕ್ಕೆ ದೇಶ ದಾಟಿ ಹೋದರೆ, ಆ ಮೊತ್ತದ ಶೇ 5 ಭಾಗ ಅವನನ್ನು 12ರಿಂದ 23ನೇ ವಯಸ್ಸಿನವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಸೇರಬೇಕೆಂಬುದು ಫಿಫಾ ನಿಯಮ. 12ರಿಂದ 15ರವರೆಗಿನ ಪ್ರತಿ ವರ್ಷಕ್ಕೆ ಶೇ 0.25, ನಂತರ ಶೇ 0.5. ಅಂದರೆ ಮೊದಲ ನಾಲ್ಕು ವರ್ಷ ಸಾಕಿದ ಕ್ಲಬ್‌ಗೆ ಕೋಟಿ ರೂಪಾಯಿಯಲ್ಲಿ ಒಂದು ಲಕ್ಷ. ದೇಶದೊಳಗಿನ ವರ್ಗಾವಣೆಯಲ್ಲೂ ಎಳೆಯರನ್ನು ಬೆಳೆಸಿದವರಿಗೆ ಪ್ರತಿಫಲ ಸಿಗುವ ವ್ಯವಸ್ಥೆಯನ್ನು ರಾಷ್ಟ್ರೀಯ ಒಕ್ಕೂಟಗಳು ಮಾಡಬೇಕೆಂದು ಫಿಫಾ ಹೇಳುತ್ತದೆ. ಆದರೆ ಈ ಹಣ ದಾಖಲೆಯಲ್ಲಿ ಹೆಸರಿರುವ ಕ್ಲಬ್‌ಗೆ ಮಾತ್ರ. ಶಾಲೆಯ ಮೈದಾನದಲ್ಲಿ ದೈಹಿಕ ಶಿಕ್ಷಕರು ಸಂಜೆಯ ಹೊತ್ತು ಕಲಿಸಿದ ನಾಲ್ಕು ವರ್ಷ ಎಲ್ಲೂ ದಾಖಲಾಗುವುದಿಲ್ಲ.

ಶೇಕಡಾ ಒಂದರಿಂದ ಏನಾದೀತು, ದೊಡ್ಡವರು ದೊಡ್ಡವರಾಗಿಯೇ ಉಳಿಯುತ್ತಾರಲ್ಲ ಎಂದು ಕೇಳಬಹುದು. ಅಂತರ ಅಳಿಯದು, ನಿಜ. ಆದರೆ ಚೆಂಡು, ಬೂಟು, ಪ್ರಯಾಣದ ಖರ್ಚಿಗೆ ಕೈಚಾಚುವ ಊರಿನ ತಂಡಕ್ಕೆ ಒಂದು ಲಕ್ಷ ಎಂದರೆ ಇನ್ನೊಂದು ಪೀಳಿಗೆ.

ಹಾಗಾಗಿ ತಾಲ್ಲೂಕಿಗೊಂದಾದರೂ ಕ್ಲಬ್ ರಾಜ್ಯ ಫುಟ್‌ಬಾಲ್ ಸಂಸ್ಥೆಯಲ್ಲಿ ನೋಂದಣಿಯಾಗಬೇಕು. ಹನ್ನೆರಡು ತುಂಬಿದ ಹುಡುಗ ಹುಡುಗಿಯರ ಹೆಸರು ಅಂದೇ ದಾಖಲಾಗಬೇಕು. ನೋಂದಣಿಯ ಶುಲ್ಕ, ಕಾಗದದ ಓಡಾಟ ಊರಿನವರಿಗೆ ಹೊರೆಯಾಗದಂತೆ ಸಂಸ್ಥೆಯೇ ಜಿಲ್ಲೆಗೆ ಬರಬೇಕು. ಆಟಗಾರನನ್ನು ಬಿಟ್ಟುಕೊಡುವಾಗ ಮುಂದಿನ ಮಾರಾಟದಲ್ಲೂ ತಮಗಿಷ್ಟು ಪಾಲು ಎಂದು ಕ್ಲಬ್‌ಗಳು ಬರೆಸಿಕೊಳ್ಳಬೇಕು.

ಮಂಚೇನಹಳ್ಳಿಯ ಹುಡುಗನೊಬ್ಬ ನಾಳೆ ಬೆಂಗಳೂರಿಗೆ, ಅಲ್ಲಿಂದ ಕೋಲ್ಕತ್ತಕ್ಕೆ ಹೋದರೆ ಊರು ಹಾರ ಹಾಕಿ ಕಳಿಸಲಿ. ಅವನ ಬೆಲೆಯಲ್ಲಿ ಊರಿನ ಪಾಲು ಮಾತ್ರ ತಪ್ಪದೆ ಮರಳಿ ಬರಲಿ. ಮುಂದಿನ ಚಾಕಿಗೆ ಎಳೆ ಸೊಪ್ಪು ಬೇಕಲ್ಲವೇ?