ಕೊರಮೀನಿಗೆ ಒಂಬತ್ತು ಅಡಿ ರಾಡ್ ಯಾಕೆ?

ನಮ್ಮ ಟೀಮಿನ ಹುಡುಗನೊಬ್ಬ ಹೋದ ವಾರ ಫೋನ್ ತೋರಿಸಿ, "ಬ್ರೋ, ಇದು ಓಕೆನಾ? ಸೇಲ್ ಇವತ್ತಿಗೆ ಮುಗಿಯುತ್ತೆ" ಅಂದ. ಕಾರ್ಟ್‌ನಲ್ಲಿ ಒಂಬತ್ತು ಅಡಿ ಉದ್ದದ, ಎಕ್ಸ್‌ಟ್ರಾ ಹೆವಿ ಫಿಶಿಂಗ್ ರಾಡ್. ಜೊತೆಗೆ ಅಂಗೈಗಿಂತ ದೊಡ್ಡ ರಬ್ಬರ್ ಮೀನು, ಸ್ಟೀಲ್ ತಂತಿ. ಒಟ್ಟು ಹದಿನಾಲ್ಕು ಸಾವಿರ ಚಿಲ್ಲರೆ. ಎಲ್ಲಿ ಹಿಡೀತೀಯ ಅಂದರೆ, "ನಿಮ್ಮೂರ ಕಡೆ ಕೆರೇಲೇ, ನೀವೇ ಕರ್ಕೊಂಡು ಹೋಗ್ಬೇಕು" ಅಂತಾನೆ.

ಅದು ಮಸ್ಕಿ ಹಿಡಿಯೋ ಸಾಮಾನು. ಮಸ್ಕಿ ಅಂದರೆ ಅಶೋಕನ ಶಾಸನ ಸಿಕ್ಕಿದ ರಾಯಚೂರು ಕಡೆಯ ಊರಲ್ಲ, ಮಸ್ಕಲಂಜ್ ಅನ್ನೋ ಉತ್ತರ ಅಮೆರಿಕದ ಬೇಟೆ ಮೀನು. ಹತ್ತು ಸಾವಿರ ಸಲ ಎಸೆದರೆ ಒಂದು ಸಿಗುತ್ತೆ ಅನ್ನೋದು ಅಲ್ಲಿಯವರ ಮಾತು. 1949ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಸಿಕ್ಕಿದ ದಾಖಲೆ ಮೀನು 30 ಕೆಜಿ ದಾಟಿತ್ತು. ಅದಕ್ಕೆ 100ರಿಂದ 200 ಗ್ರಾಂ ತೂಗುವ ಲ್ಯೂರ್ ಅನ್ನು ದಿನವಿಡೀ ಎಸೀಬೇಕು. ಅದರ ಹಲ್ಲು ದಾರ ಕತ್ತರಿಸುತ್ತೆ. ಲ್ಯೂರ್ ದೋಣಿ ಪಕ್ಕಕ್ಕೆ ಬಂದ ಮೇಲೂ ರಾಡ್ ತುದಿಯನ್ನು ನೀರಲ್ಲಿ ಅದ್ದಿ ಗುಂಡಗೆ ಸುತ್ತಿಸಬೇಕು, ಯಾಕಂದ್ರೆ ಮೀನು ಅಲ್ಲೀತನಕ ಸುಮ್ಮನೆ ಹಿಂದೆ ಬಂದು ಕೊನೇ ಗಳಿಗೇಲಿ ಕಚ್ಚುತ್ತೆ. ಅದಕ್ಕೇ ಒಂಬತ್ತು ಅಡಿ, ಅದಕ್ಕೇ ಸ್ಟೀಲ್ ತಂತಿ. ವಿಡಿಯೋ ಮಾಡಿದವನು ಹೇಳಿದ್ದೆಲ್ಲ ಸರಿ, ಆದರೆ ಅವನ ಕೆರೆಗೆ ಸರಿ.

ನಮ್ಮಲ್ಲಿ ಅಷ್ಟು ದೊಡ್ಡ ರಾಡ್ ಬೇಕಾದ ಮೀನು ಅಂದರೆ ಕಾವೇರಿ, ಕಬಿನಿಯ ಮಹಶೀರ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ 120 ಪೌಂಡ್, ಅಂದರೆ 54 ಕೆಜಿ ಮೀನು ಹಿಡಿದಿದ್ದರು. ಈಗ ಕಾವೇರಿಯ ಗೂನುಬೆನ್ನಿನ ಮಹಶೀರ್ ಅಳಿವಿನ ಅಂಚಿಗೆ ಬಂದು ನಿಂತಿದೆ. ಆ ಮಾತು ಅಲ್ಲಿಗೇ ಬಿಡೋಣ.

ಕೋಲಾರದಲ್ಲಿ ವರ್ಷವಿಡೀ ಹರಿಯೋ ನದಿ ಇಲ್ಲ, ನಮಗೆ ಕೆರೆಯೇ ಎಲ್ಲ. ಹುತ್ತೂರು ಹೋಬಳಿ ಕಡೆ ಕೆರೆಯಲ್ಲಿ ಗಾಳ ಹಿಡಿದು ಕೂತವರಿಗೆ ಬೇಕಾದದ್ದು ಕೊರಮೀನು. ಗಡಿ ಸೀಮೆ ಅಲ್ಲವಾ, ಹೆಸರಲ್ಲೂ ತೆಲುಗು ವಾಸನೆ. ಬೇರೆ ಕಡೆ ಕೊರವ, ಕುಚ್ಚು ಅಂತಲೂ ಅಂತಾರೆ. ಹಾವಿನ ತಲೆ, ಉರುಟು ಮೈ. ಸಾಮಾನ್ಯವಾಗಿ ಸಿಗೋದು ಒಂದು, ಒಂದೂವರೆ ಕೆಜಿ, ಅದೃಷ್ಟ ಇದ್ದರೆ ಎರಡು. ಗಾಳಿ ಕುಡಿಯೋಕೆ ಆಗಾಗ ಮೇಲೆ ಬರಲೇಬೇಕಾದ ಮೀನು ಇದು. ಕಟ್ಟೆ ಮೇಲೆ ಹತ್ತು ನಿಮಿಷ ಸುಮ್ಮನೆ ನಿಂತರೆ 'ಗುಳಕ್' ಅಂತ ಸದ್ದಾಗಿ ಎಲ್ಲಿದೆ ಅಂತ ಅದೇ ಹೇಳಿಬಿಡುತ್ತೆ. ಕಪ್ಪೆ, ಸಣ್ಣ ಮೀನು, ಹುಳು, ಮೇಲೆ ಅಲುಗಾಡಿದ್ದನ್ನೆಲ್ಲ ಹೊಡೆಯುತ್ತೆ.

ಹಾಗಾದ್ರೆ ಎರಡು ಕೆಜಿ ಮೀನಿಗೆ ಹಗುರ ರಾಡ್ ಸಾಕಲ್ವಾ? ಸಾಲದು. ಇಲ್ಲಿ ಲೆಕ್ಕ ಹಾಕಬೇಕಾದ್ದು ಮೀನಿನ ತೂಕ ಅಲ್ಲ, ಅದು ಅಡಗಿರೋ ಜಾಗ. ನಮ್ಮ ಕೆರೆಗಳು ವರ್ಷಾನುಗಟ್ಟಲೆ ಒಣಗಿ ಬಿದ್ದಿದ್ದಾಗ ಅಂಗಳದ ತುಂಬ ಸೀಮೆಜಾಲಿ ಬೆಳೆದಿತ್ತು. 2021ರ ನವೆಂಬರ್ ಮಳೆಗೆ ಎಷ್ಟೋ ಕೆರೆ ಕೋಡಿ ಹೋದವು, ಜಾಲಿ ನಿಂತಲ್ಲೇ ಮುಳುಗಿತು. ಮೇಲೆ ಅಂತರಗಂಗೆ (ಬೆಟ್ಟ ಅಲ್ಲ, ತೇಲೋ ಕಳೆ), ಅಂಚಿಗೆ ಜೊಂಡು, ಕೆಳಗೆ ಮುಳ್ಳಿನ ಕೊಂಬೆ. ಕೊರಮೀನು ಇರೋದು ಅದರೊಳಗೆ. ಕಚ್ಚಿದ ಮರುಕ್ಷಣ ಅದರೊಳಕ್ಕೇ ನುಗ್ಗುತ್ತೆ. ಮೊದಲ ಮೂರು ಸೆಕೆಂಡಲ್ಲಿ ತಲೆ ಮೇಲೆತ್ತಿ ಎಳೆದರೆ ಮೀನು ನಿಮ್ಮದು, ಇಲ್ಲಾಂದ್ರೆ ದಾರ ಕೊಂಬೆಗೆ ಸುತ್ತಿಕೊಂಡು ಕಟ್. ಕಟ್ ಆದರೆ ಹೋಗೋದು ಇನ್ನೂರು ರೂಪಾಯಿ ಲ್ಯೂರ್ ಮಾತ್ರ ಅಲ್ಲ. ಆ ಮೀನು ಬಾಯಲ್ಲಿ ಗಾಳ ಇಟ್ಕೊಂಡು ಬದುಕಬೇಕು. ಉಳಿದ ದಾರ ನೀರುಕೋಳಿ ಕಾಲಿಗೆ. ಅದಕ್ಕೇ ದಾರದ ವಿಷಯದಲ್ಲಿ ಮಾತ್ರ ನಾನು ಜುಗ್ಗತನ ಮಾಡಲ್ಲ.

ನನ್ನ ಸೆಟ್ ಹೇಳಿಬಿಡ್ತೀನಿ. ಏಳು ಅಡಿ ರಾಡ್, ಬುಡದಲ್ಲಿ 'ಎಂಎಚ್' ಅಂತ ಇರುತ್ತೆ, ಮೀಡಿಯಂ ಹೆವಿ. ಪಕ್ಕದಲ್ಲೇ ಎಷ್ಟು ತೂಕದ ಲ್ಯೂರ್ ಎಸೀಬಹುದು ಅಂತ ಬರೆದಿರ್ತಾರೆ, 10ರಿಂದ 30 ಗ್ರಾಂ ಅಂತಿದ್ದರೆ ಸಾಕು. ತುಂಬಾ ಜನ ಬ್ರಾಂಡ್ ನೋಡ್ತಾರೆ, ಇದನ್ನು ಓದಲ್ಲ. ಕಪ್ಪೆ ಲ್ಯೂರ್ 10-15 ಗ್ರಾಂ ಇರುತ್ತೆ, ಅದನ್ನು ಮಸ್ಕಿ ರಾಡ್‌ಗೆ ಕಟ್ಟಿದರೆ ರಾಡ್ ಬಾಗೋದೇ ಇಲ್ಲ, ಲ್ಯೂರ್ ಕಾಲ ಬುಡದಲ್ಲೇ ಬೀಳುತ್ತೆ. ಉದ್ದವೂ ತೊಂದರೆನೇ. ಕಟ್ಟೆ ಮೇಲೆ ಹಿಂದೆ ಹೊಂಗೆ ಮರ, ಪಕ್ಕದಲ್ಲಿ ಪೊದೆ, ಒಂಬತ್ತು ಅಡಿ ಬೀಸೋಕೆ ಜಾಗ ಎಲ್ಲಿದೆ?

ರೀಲ್ 3000 ಸೈಜಿನ ಸ್ಪಿನ್ನಿಂಗ್. ಬೇಟ್‌ಕಾಸ್ಟರ್ ನೋಡೋಕೆ ಸ್ಟೈಲು, ಆದರೆ ಹೆಬ್ಬೆರಳು ಪಳಗೋ ತನಕ ದಾರದ ಸಿಕ್ಕು ಬಿಡಿಸೋದೇ ಕೆಲಸ. ದಾರ 40 ಪೌಂಡ್ ಬ್ರೇಡ್, ಹೆಣೆದ ದಾರ. ನೈಲಾನ್ ಹಿಗ್ಗುತ್ತೆ, ಕಳೆ ಮಧ್ಯೆ ನೀವು ಎಳೆದ ಬಲ ಗಾಳದ ತನಕ ಹೋಗಲ್ಲ. ಸ್ಟೀಲ್ ತಂತಿ ಬೇಡವೇ ಬೇಡ. ಕೊರಮೀನಿಗೂ ಹಲ್ಲಿದೆ, ಆದರೆ ಇಷ್ಟು ದಪ್ಪ ಬ್ರೇಡ್ ಅನ್ನು ಅದು ಮಸ್ಕಿ ಥರ ಕತ್ತರಿಸಿ ಹಾಕಲ್ಲ. ಲ್ಯೂರ್ ಒಂದೇ, ಒಳಗೆ ಟೊಳ್ಳಾದ ರಬ್ಬರ್ ಕಪ್ಪೆ. ಎರಡು ಗಾಳ ಬೆನ್ನಿಗೆ ಅಂಟಿಕೊಂಡು ಮೇಲ್ಮುಖವಾಗಿರೋದರಿಂದ ಕಳೆಗೆ ಸಿಕ್ಕಲ್ಲ, ಮೀನು ಕಚ್ಚಿದಾಗ ಕಪ್ಪೆ ಚಪ್ಪಟೆಯಾಗಿ ಗಾಳ ಹೊರಗೆ ಬರುತ್ತೆ. ನೀರು ಒಡೆದ ಕೂಡಲೇ ಎಳೀಬೇಡಿ. ಒಂದು, ಎರಡು ಅಂತ ಎಣಿಸಿ, ದಾರ ಬಿಗಿಯಾದ ಮೇಲೆ ಜೋರಾಗಿ ಎಳೀರಿ. ಎಲ್ಲ ಸೇರಿ ನನಗೆ ಐದು ಸಾವಿರದೊಳಗೆ ಆಯ್ತು. ಮೂಗು ಉದ್ದದ ಇಕ್ಕಳ ಒಂದು ಮರೀಬೇಡಿ, ಬಾಯಿಂದ ಗಾಳ ಬಿಡಿಸೋಕೆ ಬೆರಳು ಹಾಕೋ ಮೀನಲ್ಲ ಇದು.

ಕೆರೆಗೆ ಹೋಗೋ ಮುಂಚೆ ಮೀನಿನ ಗುತ್ತಿಗೆ ಯಾರಿಗಾಗಿದೆ ಅಂತ ಊರಲ್ಲಿ ಕೇಳಿ, ಅವರನ್ನು ಮಾತಾಡಿಸಿ. ಅವರು ದುಡ್ಡು ಕಟ್ಟಿ ಕಾಟ್ಲಾ, ರೋಹು ಮರಿ ಬಿಟ್ಟಿರ್ತಾರೆ. ಕೊರಮೀನು ಆ ಮರಿಗಳನ್ನೇ ತಿನ್ನುತ್ತೆ, ಹಾಗಾಗಿ "ಅಣ್ಣ, ಕೊರಮೀನಿಗೆ ಮಾತ್ರ ಹಾಕ್ತೀನಿ, ಕಾಟ್ಲಾ ಮುಟ್ಟಲ್ಲ" ಅಂದರೆ ಸಾಮಾನ್ಯವಾಗಿ ಒಪ್ತಾರೆ. ಕೆಲವರು ಒಪ್ಪಲ್ಲ, ಕೊರಮೀನಿಗೆ ಮಾರ್ಕೆಟ್‌ನಲ್ಲಿ ಒಳ್ಳೇ ರೇಟು. ಒಪ್ಪದಿದ್ದರೆ ವಾಪಸ್ ಬರೋದೇ. ನೀರಿಗೆ ಮಾತ್ರ ಇಳೀಬೇಡಿ. ಮಣ್ಣು ತೆಗೆದ ಗುಂಡಿಗಳು ಕೆಳಗಿರುತ್ತವೆ, ಮೇಲಿಂದ ಮೊಣಕಾಲುದ್ದ ಅನ್ನಿಸುತ್ತೆ.

ಹಿಡಿದದ್ದನ್ನು ತಿನ್ನಬಹುದಾ ಅಂತ ಎಲ್ಲರೂ ಕೇಳ್ತಾರೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸ್ತಿದ್ದಾರೆ. ಬೋರ್‌ವೆಲ್‌ಗೆ ಜೀವ ಬಂತು ಅನ್ನೋರೂ ಇದ್ದಾರೆ, ಮೂರನೇ ಹಂತ ಯಾಕೆ ಮಾಡಲ್ಲ ಅಂತ ಜಗಳ ಆಡೋರೂ ಇದ್ದಾರೆ. ಮೂರನೇ ಹಂತ ಆಗಬೇಕು ಅನ್ನೋ ಪಕ್ಷ ನನ್ನದು. ನಾವು ಆಫೀಸಲ್ಲಿ ಫ್ಲಶ್ ಮಾಡಿದ ನೀರೇ ತಾನೇ ಅದು. ಹಾಗಾಗಿ ಆ ನೀರು ಬರೋ ಕೆರೆಗಳಲ್ಲಿ ಹಿಡಿದು ಬಿಡ್ತೀನಿ, ಬರೀ ಮಳೆನೀರಿನ ಕೆರೆಯದಾದರೆ ಮನೆಗೆ ತರ್ತೀನಿ. ಅಮ್ಮ ಮಾಡೋ ಹುಣಸೆಹುಳಿ ಸಾರಿಗೆ ಮುಳ್ಳು ಕಡಿಮೆ ಇರೋ ಈ ಮೀನನ್ನು ಬಿಟ್ಟು ಬೇರೆ ಹೊಂದಲ್ಲ.

ಇನ್ನೊಂದು ವಿಷಯ ಯಾವ ಡಬ್ಬದ ಮೇಲೂ ಬರೆದಿರಲ್ಲ. ಮುಂಗಾರು ಶುರುವಾದ ಮೇಲೆ ಜೊಂಡಿನ ಪಕ್ಕ ನೀರಿನ ಮೇಲೆ ಕೆಂಪಗೆ ಕುಂಕುಮ ಚೆಲ್ಲಿದ ಹಾಗೆ ಒಂದು ಗುಂಪು ಕಾಣಿಸುತ್ತೆ. ಕೊರಮೀನಿನ ಮರಿಗಳು, ನೂರಾರು. ಕೆಳಗೆ ತಂದೆ ತಾಯಿ ಕಾವಲು. ಆಗ ಅವಕ್ಕೆ ಹಸಿವಿಲ್ಲ, ಸಿಟ್ಟು. ಮರಿಗಳ ಮೇಲೆ ಏನು ಬಿದ್ದರೂ ಹೊಡೀತಾವೆ. ಆ ಗುಂಪಿನ ಮೇಲೆ ಕಪ್ಪೆ ಎಸೆದು ದೊಡ್ಡ ಮೀನು ಹಿಡಿದು ರೀಲ್ಸ್ ಹಾಕೋರಿಗೆ ಕಮ್ಮಿ ಇಲ್ಲ. ದೊಡ್ಡವು ಹೋದರೆ ಮರಿಗಳು ಸಂಜೆಯೊಳಗೆ ಕೊಕ್ಕರೆಗೆ, ಬೇರೆ ಮೀನಿಗೆ.

ನಮ್ಮೂರ ಕೆರೆ ಕಟ್ಟೆ ಮೇಲೆ ಬಿದಿರು ಕಡ್ಡಿ, ಬೆಂಡು, ಎರೆಹುಳು ಇಟ್ಕೊಂಡು ಕೂರೋ ತಾತ ಒಬ್ಬರಿದ್ದಾರೆ. ನನ್ನ ರಾಡ್ ತಿರುಗಿಸಿ ನೋಡಿ, "ಇದಕ್ಕೆ ಎಷ್ಟಪ್ಪಾ? ಒಂದು ಕುರಿಮರಿ ಬರ್ತಿತ್ತಲ್ಲ" ಅಂದಿದ್ದರು. ಅವರೇ ಹೋದ ವರ್ಷ ತೂಬಿನ ಹತ್ತಿರ ಕೆಂಪು ಗುಂಪು ತೋರಿಸಿ, "ಬಾಣಂತಿ ಮನೆ ಕಣಪ್ಪಾ, ಆ ಕಡೆ ಹೋಗ್ಬೇಡ" ಅಂದರು. ಮರಿ ಕೆಂಪು ಕಳೆದು ಕಂದು ಬಣ್ಣಕ್ಕೆ ತಿರುಗಿ ಚದುರೋ ತನಕ ಅವರೂ ಆ ಮೂಲೆಗೆ ಗಾಳ ಹಾಕಲಿಲ್ಲ, ಕೋಡಿ ಕಡೆಗೇ ಹೋಗಿ ಕೂತರು.