ಕನ್ನಡ ಬಾರದ ಯಂತ್ರಕ್ಕೆ ಬೋನಸ್ಸಿನ ಹಣವೇಕೆ?

ದೀಪಾವಳಿ ಹತ್ತಿರ ಬಂತೆಂದರೆ ನಮ್ಮ ಖೋಲಿಗಳಲ್ಲಿ ಒಂದೇ ಲೆಕ್ಕ. ಬೋನಸ್ಸು ಎಷ್ಟು ಬಂತು, ಊರಿಗೆ ಎಷ್ಟು ಕಳಿಸುವುದು, ಉಳಿದದ್ದರಲ್ಲಿ ಏನು ಕೊಳ್ಳುವುದು. ಒಂದು ಕಾಲಕ್ಕೆ ಆ ಉಳಿದದ್ದು ಕೈಗಡಿಯಾರಕ್ಕೋ ಟ್ರಾನ್ಸಿಸ್ಟರಿಗೋ ಹೋಗುತ್ತಿತ್ತು, ಆಮೇಲೆ ಮೊಬೈಲಿಗೆ ಹೋಯಿತು. ಈಗ ಸದಸ್ಯರು ಹೊಸ ಪ್ರಶ್ನೆಯೊಂದನ್ನು ಹಿಡಿದುಕೊಂಡು ಬರುತ್ತಿದ್ದಾರೆ. ಪುಸ್ತಕ ಓದುವ ಯಂತ್ರ ಕೊಳ್ಳಬೇಕು, ಕಿಂಡಲ್ ಒಳ್ಳೆಯದೋ, ಕೋಬೋ ಒಳ್ಳೆಯದೋ? ಒಬ್ಬರಿಗೆ ಹತ್ತನೆಯದರಲ್ಲಿ ಪಾಸಾದ ಮಗಳಿಗೆ ಉಡುಗೊರೆ ಕೊಡಬೇಕು. ಇನ್ನೊಬ್ಬರ ತಂದೆ ಲೋವರ್ ಪರೇಲಿನ ಗಿರಣಿಯಲ್ಲಿ ಮಗ್ಗ ನಡೆಸಿದವರು, ಈಗ ಮನೆಯಲ್ಲಿ ಕುಳಿತಿದ್ದಾರೆ. ಕಾದಂಬರಿಯ ಹುಚ್ಚು ಹೋಗಿಲ್ಲ, ಕಣ್ಣು ಮಾತ್ರ ಮಂಜಾಗಿದೆ. ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದಂತಲ್ಲ, ಅದು ನಿಜವೋ ಎಂದು ಮಗ ಕೇಳುತ್ತಾನೆ.

ಪ್ರಶ್ನೆ ಕೇಳುವವರು ಇದ್ದಾರೆ ಎಂಬುದೇ ನಮಗೆ ಸಂತೋಷ. ಬೆಳಗಿನ ಐದಕ್ಕೆ ಇಡ್ಲಿ ಹಂಡೆಯ ಮುಂದೆ ನಿಂತವನು ರಾತ್ರಿ ಹನ್ನೊಂದಕ್ಕೆ ಚಾಪೆ ಬಿಚ್ಚಿ ಎರಡು ಪುಟ ಓದಬೇಕೆಂದು ಆಸೆಪಡುವುದು ಸಣ್ಣ ಮಾತಲ್ಲ. ಆದರೆ ಕಾನೂನಿನ ಕನಿಷ್ಠವಾದ ನೂರಕ್ಕೆ 8.33ನ್ನು ಕೊಡಲಿಕ್ಕೂ ಮೀನಮೇಷ ಎಣಿಸುವ ಧಣಿಗಳಿಂದ ಬಂದ ಹಣ ಅದು. ಆದುದರಿಂದ ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಯಾವ ಕಂಪನಿ ಎಂದು ಕೇಳುವುದಕ್ಕೆ ಮುಂಚೆ, ಈ ಯಂತ್ರಕ್ಕೆ ಕನ್ನಡ ಬರುತ್ತದೆಯೇ ಎಂದು ಕೇಳಿರಿ. ಬಾರದಿದ್ದರೆ ಉಳಿದ ಗುಣಗಳೆಲ್ಲ ಕನ್ನಡ ಓದುವವನ ಪಾಲಿಗೆ ಉಪ್ಪಿಲ್ಲದ ಸಾರು.

ಯಂತ್ರವೇನೋ ಚೆಲುವಾದದ್ದೇ, ಅದನ್ನು ಅಲ್ಲಗಳೆಯುವುದಿಲ್ಲ. ನೋಡಲಿಕ್ಕೆ ಶಾಲೆಯ ಪಾಟಿಯ ಹಾಗಿದೆ, ತೂಕ ಒಂದು ಸಣ್ಣ ಪುಸ್ತಕದಷ್ಟು. ಮೊಬೈಲಿನ ತೆರೆ ಒಳಗಿನಿಂದ ದೀಪ ಉರಿಸಿ ನಮ್ಮ ಕಣ್ಣಿಗೆ ಬೆಳಕು ಎಸೆಯುತ್ತದೆ. ಇದು ಹಾಗಲ್ಲ. ಇದರ ತೆರೆಯಲ್ಲಿ ಕೂದಲಿನ ದಪ್ಪದಷ್ಟು ಸಣ್ಣ ಗುಳಿಗೆಗಳು ಲಕ್ಷಗಟ್ಟಲೆ ಇವೆ. ಪ್ರತಿಯೊಂದರೊಳಗೂ ಬಿಳಿ ಕಣ, ಕಪ್ಪು ಕಣ ತೇಲುತ್ತಿರುತ್ತವೆ. ವಿದ್ಯುತ್ತಿನ ಒಂದು ತಟ್ಟು ಕೊಟ್ಟರೆ ಕಪ್ಪು ಮೇಲಕ್ಕೆ ಬರುತ್ತದೆ, ತಿರುಗಿಸಿ ಕೊಟ್ಟರೆ ಬಿಳಿ ಮೇಲಕ್ಕೆ. ಹಾಗೆ ಅಕ್ಷರ ಮೂಡುತ್ತದೆ. ಒಮ್ಮೆ ಮೂಡಿದ ಪುಟ ನಿಲ್ಲಲಿಕ್ಕೆ ವಿದ್ಯುತ್ತೇ ಬೇಡ, ಪುಟ ತಿರುವುವಾಗ ಮಾತ್ರ ಬೇಕು. ಆದುದರಿಂದಲೇ ಒಮ್ಮೆ ಚಾರ್ಜು ಮಾಡಿದರೆ ವಾರಗಟ್ಟಲೆ ಬರುತ್ತದೆ. ಹತ್ತು ಜನರಿಗೆ ಒಂದೇ ಪ್ಲಗ್ಗು ಇರುವ ಖೋಲಿಯಲ್ಲಿ ಇದರ ಬೆಲೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಬಿಸಿಲಿನಲ್ಲಿ ಕಾಗದದ ಹಾಗೆ ಕಾಣುತ್ತದೆ. 2012ರಿಂದೀಚೆಗೆ ಬಂದ ಅನೇಕ ಯಂತ್ರಗಳಲ್ಲಿ ತೆರೆಯ ಅಂಚಿನಿಂದ ಮೆಲ್ಲಗೆ ಬೆಳಕು ಹರಿಯುವ ದೀಪವೂ ಇದೆ, ಪಕ್ಕದಲ್ಲಿ ಮಲಗಿದವನ ನಿದ್ದೆ ಕೆಡಿಸದೆ ಓದಬಹುದು.

2004ರಲ್ಲಿ ಜಪಾನಿನ ಸೋನಿ ಕಂಪನಿ ಈ ಬಗೆಯ ತೆರೆಯ ಯಂತ್ರವನ್ನು ಮೊದಲು ಮಾರಿತು. 2007ರ ನವೆಂಬರಿನಲ್ಲಿ ಅಮೆರಿಕದ ಅಮೆಜಾನ್ ಕಿಂಡಲನ್ನು 399 ಡಾಲರಿಗೆ ತಂದಿತು. ನಮ್ಮ ದೇಶದ ಅಂಗಡಿಗಳಿಗೆ ಅದು ಬಂದದ್ದು 2012ರಲ್ಲಿ, ಆಗ ಬೆಲೆ 6,999 ರೂಪಾಯಿ. ಕೆನಡಾದ ಕೋಬೋ 2013ರಲ್ಲಿ ಇಲ್ಲಿಗೆ ಬಂತು. ಚೀನಾದಿಂದ ಬೂಕ್ಸ್ ಎಂಬುದು ಬರುತ್ತದೆ. ಇವರೆಲ್ಲ ಒಬ್ಬರಿಗೊಬ್ಬರು ಪೈಪೋಟಿ ಎಂದು ಹೇಳಿಕೊಂಡರೂ ತೆರೆ ಮಾತ್ರ ಇ-ಇಂಕ್ ಎಂಬ ಒಂದೇ ಕಂಪನಿಯದು. ಹೋಟೇಲು ಬೇರೆ ಬೇರೆ, ಹಿಟ್ಟು ರುಬ್ಬಿದ್ದು ಒಂದೇ ಕಡೆ. ಹೀಗಿರುವಾಗ ಇದರ ತೆರೆ ಹೆಚ್ಚೋ ಅದರ ತೆರೆ ಹೆಚ್ಚೋ ಎಂದು ತಲೆ ಕೆಡಿಸಿಕೊಳ್ಳುವುದು ವ್ಯರ್ಥ. ವ್ಯತ್ಯಾಸ ಇರುವುದು ಚಟ್ನಿಯಲ್ಲಿ, ಎಂದರೆ ಅದರೊಳಗೆ ಯಾವ ಭಾಷೆಯ ಪುಸ್ತಕ ಸಿಗುತ್ತದೆ, ಕೊಂಡ ಪುಸ್ತಕ ಯಾರದ್ದಾಗಿ ಉಳಿಯುತ್ತದೆ ಎಂಬುದರಲ್ಲಿ.

2016ರ ಡಿಸೆಂಬರಿನಲ್ಲಿ ಅಮೆಜಾನ್ ಕಂಪನಿ ಭಾರತದ ಭಾಷೆಗಳ ಪುಸ್ತಕಗಳನ್ನು ಕಿಂಡಲಿಗೆ ತಂದೆವೆಂದು ಸಾರಿತು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ. ಐದು ಭಾಷೆ. ಕನ್ನಡ ಇಲ್ಲ. ಕನ್ನಡಿಗರು ಕಡಿಮೆ ಎಂದು ಬಿಟ್ಟರೋ ಎಂದರೆ, 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ, ಮಲಯಾಳದವರು 3 ಕೋಟಿ 48 ಲಕ್ಷ. ಮಲಯಾಳದವರಿಗೆ ಸಿಕ್ಕಿದ್ದು ತಪ್ಪೆಂದು ನಾವು ಹೇಳುವುದಿಲ್ಲ, ಸಿಗಲಿ, ಅವರೂ ನಮ್ಮ ಜತೆಯಲ್ಲೇ ತಟ್ಟೆ ತೊಳೆಯುವವರು. ಎಂಟು ಕೋಟಿ ದಾಟಿದ ತೆಲುಗರಿಗೂ ಒಂಬತ್ತು ಕೋಟಿ ದಾಟಿದ ಬಂಗಾಳಿಗಳಿಗೂ ಆ ದಿನ ಬಾಗಿಲು ತೆರೆಯಲಿಲ್ಲ. ಆದುದರಿಂದ ಇದು ತಲೆ ಎಣಿಕೆಯ ಲೆಕ್ಕವಲ್ಲ, ಕಂಪನಿಯ ಸ್ವಂತ ಲೆಕ್ಕ. ಆ ಬಳಿಕವೂ ವರ್ಷಗಟ್ಟಲೆ ಕನ್ನಡದ ಹೆಸರು ಆ ಪಟ್ಟಿಗೆ ಸೇರಲಿಲ್ಲ. ಕೊಳ್ಳುವ ದಿನ ಸೇರಿದೆಯೋ ಎಂದು ನೀವೇ ಆ ಅಂಗಡಿಯಲ್ಲಿ ಹುಡುಕಿ ನೋಡಿರಿ. ಹೊದಿಕೆಯ ಮೇಲಿನ ಚಿತ್ರ ನೋಡಿ ಹಣ ಎಣಿಸಬೇಡಿ.

ತಪ್ಪೆಲ್ಲ ಹೊರಗಿನವರದೇ ಎಂದು ಹೇಳಿ ಕೈ ತೊಳೆದುಕೊಳ್ಳಲಿಕ್ಕೂ ಆಗುವುದಿಲ್ಲ. ಲೋಕದ ಲಿಪಿಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಏರ್ಪಾಡಿನಲ್ಲಿ 1991ರಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತ್ತು. ಆದರೂ ನಮ್ಮ ಪ್ರಕಾಶಕರು ಬಹುಕಾಲ ನುಡಿ, ಶ್ರೀಲಿಪಿ ಮುಂತಾದವುಗಳ ಹಳೆಯ ಅಕ್ಷರಗಳಲ್ಲೇ ಪುಟ ಜೋಡಿಸಿದರು. ಅಂಥ ಕಡತವನ್ನು ಈ ಯಂತ್ರಕ್ಕೆ ಹಾಕಿದರೆ ಗೊಂಬೆಯಾಟದ ಭಾಷೆ ಕಾಣುತ್ತದೆ, ಕನ್ನಡ ಕಾಣುವುದಿಲ್ಲ. ಅದನ್ನೆಲ್ಲ ಮತ್ತೆ ಬದಲಿಸಿ ತಿದ್ದಬೇಕು. ಅದಕ್ಕೆ ಕೂಲಿ ಕೊಡಬೇಕು. ಕೆಲವರು ಕೊಟ್ಟು ಮಾಡಿದ್ದಾರೆ. ಗೂಗಲ್ ಪುಸ್ತಕದಂಗಡಿಯಲ್ಲಿಯೂ, ಮೈಲ್ಯಾಂಗ್ ಎಂಬ ಕನ್ನಡದವರದೇ ಅಂಗಡಿಯಲ್ಲಿಯೂ ಕನ್ನಡ ಇ-ಪುಸ್ತಕ ಕಾಸಿಗೆ ಸಿಗುತ್ತವೆ. ಅಂದರೆ ಸರಕು ಇದೆ, ಓದುವವರೂ ಇದ್ದಾರೆ. ನಡುವಿನ ಯಂತ್ರಕ್ಕೆ ಮಾತ್ರ ನಾಲಗೆ ತಿರುಗುವುದಿಲ್ಲ.

ನಾಲಗೆ ತಿರುಗುವುದೆಂದರೆ ಏನು? ಕಾರ್ಮಿಕ ಎಂಬ ನಮ್ಮದೇ ಶಬ್ದವನ್ನು ತೆಗೆದುಕೊಳ್ಳಿ. ಬಾಯಲ್ಲಿ ಹೇಳುವಾಗ ರ್ ಮೊದಲು, ಮಿ ಆಮೇಲೆ. ಬರೆಯುವಾಗ ಮಿ ಮೊದಲು, ಅರ್ಕಾವತ್ತು ಆಮೇಲೆ. ಯಂತ್ರದ ಹೊಟ್ಟೆಯೊಳಗೆ ಅಕ್ಷರಗಳು ಮಾತಿನ ಕ್ರಮದಲ್ಲೇ ಇರುತ್ತವೆ, ತೆರೆಯ ಮೇಲೆ ತರುವಾಗ ಬರಹದ ಕ್ರಮಕ್ಕೆ ಹೊಂದಿಸಬೇಕು. ಒತ್ತುಗಳನ್ನು ಕೆಳಗೆ ಕೂರಿಸಬೇಕು. ಇಂಗ್ಲಿಷಿನಲ್ಲಿ ಈ ಕೆಲಸವೇ ಇಲ್ಲ, ಒಂದರ ಪಕ್ಕ ಒಂದು ಜೋಡಿಸಿದರೆ ಮುಗಿಯಿತು. ಆದುದರಿಂದ ಅಂಗಡಿಗೆ ಹೋದಾಗ ಮೂರು ಶಬ್ದಗಳನ್ನು ತೋರಿಸಲಿಕ್ಕೆ ಹೇಳಿ: ಕಾರ್ಮಿಕ, ರಾಷ್ಟ್ರ, ಸ್ವಾತಂತ್ರ್ಯ. ಮೂರೂ ಸರಿಯಾಗಿ ಕಂಡರೆ ಯಂತ್ರಕ್ಕೆ ಕನ್ನಡ ಬರುತ್ತದೆ. ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಜಾರಿದರೆ, ಅಕ್ಷರದ ಬದಲು ಖಾಲಿ ಚೌಕಗಳು ಬಂದರೆ, ಮಾರುವವನು ಏನೇ ಹೇಳಲಿ, ನಮಸ್ಕಾರ ಹೇಳಿ ಹೊರಗೆ ಬನ್ನಿ. ಕನ್ನಡ ಅಕ್ಷರದ ಕಡತವನ್ನು ಯಂತ್ರದೊಳಗೆ ತುಂಬಿಸಿ ಸರಿಪಡಿಸಬಹುದು ಎಂದು ತಿಳಿದವರು ಹೇಳುವುದುಂಟು. ಕಿಂಡಲಿನಲ್ಲಿಯೂ ಕೋಬೋದಲ್ಲಿಯೂ ಹಾಗೆ ತುಂಬಿಸಲಿಕ್ಕೆ ದಾರಿ ಇದೆ. ಆದರೆ ಜೋಡಿಸುವ ಬುದ್ಧಿ ಯಂತ್ರಕ್ಕೆ ಇಲ್ಲದಿದ್ದರೆ ಬರೀ ಅಚ್ಚಿನ ಮೊಳೆ ಕೊಟ್ಟು ಏನು ಪ್ರಯೋಜನ?

ಇನ್ನೊಂದು ಮೋಸಹೋಗುವ ಜಾಗ ಉಂಟು. ಹಳೆಯ ಕನ್ನಡ ಪುಸ್ತಕಗಳು ಇಂಟರ್ನೆಟ್ ಆರ್ಕೈವ್ ಎಂಬಲ್ಲಿ ಸಾವಿರಗಟ್ಟಲೆ ಪುಕ್ಕಟೆ ಸಿಗುತ್ತವೆ, ಎಲ್ಲವನ್ನೂ ಯಂತ್ರಕ್ಕೆ ತುಂಬಿ ಅಪ್ಪನಿಗೆ ಕೊಡುತ್ತೇನೆ ಎಂದು ಒಬ್ಬ ತರುಣ ನಮ್ಮಲ್ಲಿ ಹೇಳಿದ. ಸಿಗುವುದು ನಿಜ. ಆದರೆ ಅವು ಪುಟಗಳ ಫೋಟೋ. ಫೋಟೋದೊಳಗಿನ ಅಕ್ಷರ ದೊಡ್ಡದಾಗುವುದಿಲ್ಲ, ಇಡೀ ಪುಟವೇ ದೊಡ್ಡದಾಗಿ ತೆರೆಯ ಹೊರಗೆ ಹರಿಯುತ್ತದೆ. ಆರಂಗುಲದ ತೆರೆಯಲ್ಲಿ ಅದನ್ನು ಎಡಕ್ಕೆ ಬಲಕ್ಕೆ ಎಳೆಯುತ್ತಾ ಓದುವುದೆಂದರೆ ಕಿಟಕಿಯ ಸಂದಿಯಿಂದ ಮೆರವಣಿಗೆ ನೋಡಿದ ಹಾಗೆ. ಮಂಜುಗಣ್ಣಿನ ಮುದುಕರಿಗೆ ಅದರಿಂದ ಸುಖವಿಲ್ಲ. ಫೋಟೋ ಪುಸ್ತಕವೇ ಓದಬೇಕೆಂದರೆ ಹತ್ತಂಗುಲದ ಸಾಧಾರಣ ಟ್ಯಾಬ್ಲೆಟ್ ವಾಸಿ.

ಕೊಂಡ ಪುಸ್ತಕ ಯಾರದು ಎಂಬ ಮಾತಿಗೆ ಬರೋಣ. 2009ರ ಜುಲೈಯಲ್ಲಿ ಅಮೆರಿಕದಲ್ಲಿ ಜಾರ್ಜ್ ಆರ್ವೆಲ್ ಬರೆದ ಎರಡು ಪುಸ್ತಕಗಳನ್ನು ಕೊಂಡಿದ್ದವರ ಕಿಂಡಲಿನಿಂದ, ಅವರು ಹಾಸಿಗೆಯಲ್ಲಿ ಮಲಗಿದ್ದ ಹಾಗೆಯೇ, ಕಂಪನಿ ದೂರದಿಂದಲೇ ಅಳಿಸಿಹಾಕಿತು. ಮಾರಿದವನಿಗೆ ಹಕ್ಕಿರಲಿಲ್ಲವಂತೆ. ಹಣ ಹಿಂದಕ್ಕೆ ಕೊಟ್ಟರು, ಆಮೇಲೆ ಕ್ಷಮೆಯನ್ನೂ ಕೇಳಿದರು. ಅದರಲ್ಲೊಂದು ಪುಸ್ತಕ ಸರಕಾರವೇ ಹಳೆಯ ಬರಹಗಳನ್ನು ಅಳಿಸುವ ಕಥೆ, ಕೇಳಿದವರು ನಗಬೇಕೋ ಅಳಬೇಕೋ! ನಮ್ಮ ದೇಶದಲ್ಲಿಯೂ ಫ್ಲಿಪ್‌ಕಾರ್ಟ್ ಇ-ಪುಸ್ತಕದ ಅಂಗಡಿ ತೆರೆದು 2015ರ ಕೊನೆಗೆ ಮುಚ್ಚಿ, ಗಿರಾಕಿಗಳನ್ನು ಕೋಬೋಗೆ ದಾಟಿಸಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಪುಸ್ತಕದಂಗಡಿಯನ್ನು ಎತ್ತಿದಾಗ ಕೊಂಡವರ ಪುಸ್ತಕಗಳೂ ಅದರೊಂದಿಗೆ ಹೋದವು, ಹಣ ಮಾತ್ರ ಮರಳಿತು. ಕಿಂಡಲಿನ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ತಂತಿಯ ಮೂಲಕ ಯಂತ್ರಕ್ಕೆ ದಾಟಿಸುವ ಸೌಕರ್ಯವನ್ನು 2025ರ ಫೆಬ್ರವರಿಯಲ್ಲಿ ಅಮೆಜಾನ್ ನಿಲ್ಲಿಸಿತು. ನಮ್ಮ ಖೋಲಿಗಳಲ್ಲಿ ಒಂದು ಕಾದಂಬರಿ ಬಂದರೆ ಎಂಟು ಜನ ಓದುತ್ತಾರೆ, ಕೊನೆಗೆ ಅದು ಊರಿಗೆ ಹೋಗಿ ತಂಗಿಯ ಕೈ ಸೇರುತ್ತದೆ. ಬೀಗ ಹಾಕಿದ ಇ-ಪುಸ್ತಕ ಹಾಗೆ ಕೈಯಿಂದ ಕೈಗೆ ಹೋಗುವುದಿಲ್ಲ. ಸೌದೆಯ ಹಾಗೆ ಕೊಂಡದ್ದಲ್ಲ, ಬಾಡಿಗೆ ಪಾತ್ರೆಯ ಹಾಗೆ ತಂದದ್ದು ಎಂದು ತಿಳಿದುಕೊಂಡೇ ಹಣ ಕೊಡಿರಿ.

ಈ ವಿಷಯದಲ್ಲಿ ಕೋಬೋ ಸ್ವಲ್ಪ ಸಡಿಲ. ಇಪಬ್ ಎಂಬ ಸಾಮಾನ್ಯ ಬಗೆಯ ಕಡತವನ್ನು ಅದು ನೇರವಾಗಿ ಓದುತ್ತದೆ, ಬೇರೆ ಅಂಗಡಿಯ ಪುಸ್ತಕಕ್ಕೂ ಬಾಗಿಲು ಇದೆ. ಬಿಚ್ಚಿ ದುರಸ್ತಿ ಮಾಡಲಿಕ್ಕೆ ಬಿಡಿಭಾಗ ಒದಗಿಸುವ ಏರ್ಪಾಡನ್ನೂ 2024ರಲ್ಲಿ ಮಾಡಿತು, ಅದು ಮೆಚ್ಚತಕ್ಕದ್ದೇ. ಆದರೆ ಹೊರದೇಶದಿಂದ ಸಂಬಂಧಿಕರು ತಂದುಕೊಟ್ಟ ಯಂತ್ರ ಇಲ್ಲಿ ಕೆಟ್ಟರೆ ಯಾರ ಬಾಗಿಲಿಗೆ ಹೋಗುತ್ತೀರಿ? ಅದನ್ನು ವಿಚಾರಿಸಿಕೊಳ್ಳಿ. ಕಿಂಡಲ್ ಕೂಡ 2022ರಿಂದ ಇಪಬ್ ಕಡತವನ್ನು ಕಳಿಸಿದರೆ ಬದಲಿಸಿಕೊಂಡು ತೆಗೆದುಕೊಳ್ಳುತ್ತದೆ, ಬೀಗವಿಲ್ಲದ್ದಾದರೆ ಮಾತ್ರ. ಬೂಕ್ಸ್ ಒಳಗಿರುವುದು ಮೊಬೈಲಿನ ಆಂಡ್ರಾಯ್ಡ್ ವ್ಯವಸ್ಥೆಯೇ. ಮೊಬೈಲಿನಲ್ಲಿ ಕನ್ನಡ ಸರಿಯಾಗಿ ಕಾಣುವ ಹಾಗೆಯೇ ಅದರಲ್ಲಿಯೂ ಕಾಣುತ್ತದೆ, ಕನ್ನಡ ಅಂಗಡಿಗಳ ಆ್ಯಪ್ ಹಾಕಿಕೊಳ್ಳಬಹುದು. ಬ್ಯಾಟರಿ ಕಿಂಡಲಿನಷ್ಟು ದಿನ ಬಾರದು, ಬೆಲೆಯೂ ಸಾಮಾನ್ಯವಾಗಿ ಹೆಚ್ಚು. ಹೆಚ್ಚೆಂದರೆ ಎಷ್ಟು ಹೆಚ್ಚು ಎನ್ನುತ್ತೀರಿ? ಕಿಂಡಲ್ ಪೇಪರ್‌ವೈಟ್ 2025ರಲ್ಲಿ ಇಲ್ಲಿಗೆ ಬಂದಾಗಲೇ 16,999 ರೂಪಾಯಿ. ನಮ್ಮಲ್ಲಿ ಎಷ್ಟೋ ಮಂದಿಯ ಕೈಗೆ ಬರುವ ಒಂದು ತಿಂಗಳ ಪಗಾರ ಅದು.

ಹೀಗಿರುವುದರಿಂದ ಕೇಳಿದವರಿಗೆ ನಾವು ಕೊಡುವ ಉತ್ತರ ಎಲ್ಲರಿಗೂ ಒಂದೇ ಅಲ್ಲ. ಮಗಳು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು, ಮುಂದಕ್ಕೆ ಇಂಗ್ಲಿಷಿನದೇ ಹೆಚ್ಚು ಓದುವಳಾದರೆ ಕಿಂಡಲ್ ಕೊಡಿ, ಸಾಧಾರಣದ್ದು ಸಾಕು. ಶಬ್ದವನ್ನು ಒತ್ತಿ ಹಿಡಿದರೆ ಅರ್ಥ ಹೇಳುವ ನಿಘಂಟು ಅದರಲ್ಲಿದೆ, ಅದೊಂದೇ ಅರ್ಧ ಮೇಷ್ಟರ ಕೆಲಸ ಮಾಡುತ್ತದೆ. ಮರಾಠಿ ಓದುವ ಮಕ್ಕಳಿಗೂ ಅಡ್ಡಿಯಿಲ್ಲ. ಗಿರಣಿಯ ಆ ಹಿರಿಯರಿಗೆ ಮಾತ್ರ ಅದನ್ನು ಕೊಡಬೇಡಿ. ಹಬ್ಬದ ದಿನ ಪೆಟ್ಟಿಗೆ ಬಿಚ್ಚಿ, ಮೂರು ದಿನ ಬಿಟ್ಟು ಅದನ್ನು ಬೀರುವಿನಲ್ಲಿ ಇಟ್ಟು, ಮಗ ಬೇಸರಪಟ್ಟಾನೆಂದು ಏನೂ ಹೇಳದೆ ಸುಮ್ಮನಿರುವ ಜನ ಅವರು. ಅವರಿಗೆ ಅಗಲ ತೆರೆಯ ಟ್ಯಾಬ್ಲೆಟ್ ತಂದು, ಕನ್ನಡ ಅಂಗಡಿಯ ಆ್ಯಪ್ ಹಾಕಿ, ಎರಡು ಪುಸ್ತಕ ನೀವೇ ಕೊಂಡು ತೆರೆದು ಕೊಡಿ. ಅಕ್ಷರ ಎಷ್ಟು ದೊಡ್ಡದಿರಬೇಕೆಂದು ಪಕ್ಕದಲ್ಲಿ ಕುಳಿತು ಹೊಂದಿಸಿ. ಕೈಯಲ್ಲಿ ಹೆಚ್ಚು ಹಣವಿದ್ದರೆ ಬೂಕ್ಸ್, ಅದೂ ಮೂರು ಶಬ್ದಗಳ ಪರೀಕ್ಷೆ ಮಾಡಿದ ಮೇಲೆ. ಸ್ವಂತಕ್ಕೆ ಬೇಕೆನ್ನುವ ಒಂಟಿ ಹುಡುಗರು ಈ ವರ್ಷ ಏನನ್ನೂ ಕೊಳ್ಳಬೇಡಿ ಎಂದೇ ನಾವು ಹೇಳುತ್ತೇವೆ. ಕೈಯಲ್ಲಿ ಮೊಬೈಲ್ ಇದೆ. ಆ ಹದಿನೇಳು ಸಾವಿರದಲ್ಲಿ ಒಂದು ಸಾವಿರಕ್ಕೆ ಕನ್ನಡ ಪುಸ್ತಕ ಕೊಳ್ಳಿ, ಕಾಗದದ್ದಾಗಲಿ ಮೊಬೈಲಿನದ್ದಾಗಲಿ, ಉಳಿದದ್ದು ಬ್ಯಾಂಕಿನಲ್ಲಿ ಇರಲಿ. ಕೈ ಸದಾ ಒದ್ದೆ ಇರುವ ಕೆಲಸ ನಮ್ಮದು. ನೀರು ತಾಳುವ ಯಂತ್ರಗಳಿಗೆ ಬೆಲೆ ಹೆಚ್ಚು, ಅಗ್ಗದ ಕಿಂಡಲ್ ನೀರು ತಾಳುವುದಿಲ್ಲ ಎಂಬುದನ್ನೂ ಮರೆಯಬೇಡಿ.

ಈ ಸರದಿಯ ಕಾರ್ಯಕಾರಿ ಸಭೆಯಲ್ಲಿ ಇದರ ಬಗ್ಗೆ ಮಾತಾಯಿತು. ಕಂಪನಿ ಮನಸ್ಸು ಮಾಡಲಿ ಎಂದು ಕಾಯುತ್ತಾ ಕುಳಿತರೆ ಯಾವ ಕಾಲಕ್ಕೂ ಆಗುವುದಿಲ್ಲ, ಕೇಳಿದರೆ ಆದೀತು, ಕೇಳುವವರು ಕೊಳ್ಳುವವರಾಗಿದ್ದರೆ ಬೇಗ ಆದೀತು. ಕನ್ನಡ ಪುಸ್ತಕಗಳಿಗೆ ಆ ಪಟ್ಟಿಯಲ್ಲಿ ಸ್ಥಾನ ಕೊಡಬೇಕೆಂದು ಕಂಪನಿಗೊಂದು, ಹಳೆಯ ಪುಸ್ತಕಗಳನ್ನು ಯೂನಿಕೋಡಿಗೆ ಬದಲಿಸಿ ಇ-ಪುಸ್ತಕ ಮಾಡಬೇಕೆಂದು ನಮ್ಮ ಪ್ರಕಾಶಕರಿಗೊಂದು, ಹೀಗೆ ಎರಡು ಅರ್ಜಿ ತಯಾರಾಗಿವೆ. ಮಧ್ಯಾಹ್ನ ಮೂರರಿಂದ ಐದರವರೆಗೆ, ನಿಮ್ಮ ಬಿಡುವಿನ ಹೊತ್ತಿನಲ್ಲಿ, ಕಚೇರಿಯ ಮೇಜಿನ ಮೇಲೆ ಇರುತ್ತವೆ. ಬಂದು ಓದಿ, ಸರಿ ಕಂಡರೆ ಸಹಿ ಹಾಕಿ. ಯಂತ್ರ ಈಗಾಗಲೇ ಕೊಂಡವರು ಅದರ ಹೆಸರನ್ನೂ ಬೆಲೆಯನ್ನೂ ಸಹಿಯ ಪಕ್ಕದಲ್ಲಿ ಬರೆಯಬೇಕು.